ಮುಳ್ಳು ಎತ್ತಬೇಡಿ

ಹಿಟ್ ಹಾಡುಗಳ ಸಂಕಲನಕ್ಕೆ ಅನ್ಯಾಯ ಮಾಡಿದವರು ಎರಡು ಬಗೆಯವರು. ಮೊದಲನೆಯವರು ಪಂಡಿತರು. ಆಲ್ಬಮ್ ಅಂದರೆ ಒಬ್ಬ ಗಾಯಕನೋ ಒಂದು ತಂಡವೋ ತಿಂಗಳುಗಟ್ಟಲೆ ಸ್ಟುಡಿಯೊದಲ್ಲಿ ಕೂತು ಹೆತ್ತದ್ದು, ಮಿಕ್ಕದ್ದೆಲ್ಲ ಸಂತೆ ಸರಕು ಎಂಬುದು ಅವರ ತೀರ್ಪು. ಎರಡನೆಯವರು ಅದೇ ಸಂಕಲನವನ್ನು ದುಡ್ಡು ಕೊಟ್ಟು ತಂದು, ಮೂವತ್ತರಲ್ಲಿ ತಮಗೆ ಗೊತ್ತಿರುವ ಎರಡೇ ಹಾಡು ಹೆಕ್ಕಿಕೊಂಡು, ಉಳಿದ ಇಪ್ಪತ್ತೆಂಟನ್ನು ದಾಟಿಸಿಬಿಡುವವರು. ಪಂಡಿತರು ಕೇಳುವುದೇ ಇಲ್ಲ; ಇವರು ಕೇಳಿಯೂ ಕೇಳುವುದಿಲ್ಲ. ಇವರ ತಪ್ಪೇ ದೊಡ್ಡದು. ಸಂಕಲನದ ಹಾಡುಗಳು ಯಾರು ಯಾರದೋ ಇರಬಹುದು. ಯಾವ ಹಾಡಿನ ಬೆನ್ನಿಗೆ ಯಾವ ಹಾಡು ಎಂಬುದು ಮಾತ್ರ ಪೂರಾ ಸಂಕಲನಕಾರನದು. ಅವನ ಕಸುಬೆಲ್ಲ ಆ ಜೋಡಣೆಯಲ್ಲಿದೆ.

ಬ್ರಿಟನ್ನಿನ ‘ನೌ ದಟ್ಸ್ ವಾಟ್ ಐ ಕಾಲ್ ಮ್ಯೂಸಿಕ್’ ಸರಣಿಯ ಮೊದಲ ಸಂಪುಟದಷ್ಟು ಚೆನ್ನಾಗಿ ಈ ಕಸುಬನ್ನು ಕಲಿಸುವ ಪಾಠ ಇನ್ನೊಂದಿಲ್ಲ. 1983ರ ನವೆಂಬರ್ 28ರಂದು ಅದು ಅಂಗಡಿಗೆ ಬಂತು. ಪರಸ್ಪರ ಪೈಪೋಟಿಯಲ್ಲಿದ್ದ ವರ್ಜಿನ್ ಮತ್ತು ಇಎಂಐ ಕಂಪನಿಗಳು ಕೈಜೋಡಿಸಿ ತಂದ ಜೋಡಿ ಎಲ್‌ಪಿ: ಎರಡು ಪ್ಲೇಟು, ನಾಲ್ಕು ಬದಿ, ಮೂವತ್ತು ಹಾಡು. ಅವುಗಳಲ್ಲಿ ಹನ್ನೊಂದು ಬ್ರಿಟನ್ನಿನ ಹಾಡುಪಟ್ಟಿಯಲ್ಲಿ ಒಂದನೆಯ ಸ್ಥಾನ ಕಂಡಿದ್ದವು. ಕ್ರಿಸ್‌ಮಸ್ ಹೊತ್ತಿಗೆ ಸಂಕಲನವೂ ಆಲ್ಬಮ್ ಪಟ್ಟಿಯ ತುದಿಯಲ್ಲಿತ್ತು.

ಹೆಸರು ಬಂದದ್ದು ಒಂದು ಹಳೆಯ ಜಾಹೀರಾತಿನಿಂದ. ಡೆನ್ಮಾರ್ಕಿನ ಹಂದಿಮಾಂಸದ ಆ ಪೋಸ್ಟರಿನಲ್ಲಿ ಕೋಳಿಯೊಂದು ಹಾಡುತ್ತಿದೆ, ಹಂದಿ ಮೈಮರೆತು ಕೇಳುತ್ತಿದೆ. ಹಂದಿಯ ಮೆಚ್ಚುಗೆಯ ಮಾತೇ ಸಂಕಲನದ ಹೆಸರಾಯಿತು. ವರ್ಜಿನ್‌ನ ರಿಚರ್ಡ್ ಬ್ರಾನ್ಸನ್ ಅದನ್ನು ಅಂಗಡಿಯಿಂದ ಕೊಂಡು ತಂದು, ಕಂಪನಿಯಲ್ಲಿ ಜೊತೆಗಿದ್ದ ತಮ್ಮ ಸಂಬಂಧಿ ಸೈಮನ್ ಡ್ರೇಪರ್‌ಗೆ ಕೊಟ್ಟಿದ್ದರು. ಮುಂದಿನ ಕೆಲವು ಸಂಪುಟಗಳ ಹೊದಿಕೆಯ ಮೇಲೂ ಹಂದಿ ಕಾಣಿಸಿಕೊಂಡಿತು. ಹೊದಿಕೆಯ ಬಗ್ಗೆ ಇಷ್ಟು ಸಾಕು.

ಸಂಕಲನವೆಂಬುದು ಇವರ ಆವಿಷ್ಕಾರವೇನಲ್ಲ. 1971ರಲ್ಲಿ ‘ಟಾಪ್ ಆಫ್ ದ ಪಾಪ್ಸ್’, ‘ಹಾಟ್ ಹಿಟ್ಸ್’ ಎಂಬ ಅಗ್ಗದ ಎಲ್‌ಪಿಗಳು ಬ್ರಿಟನ್ನಿನ ಆಲ್ಬಮ್ ಪಟ್ಟಿಯ ನೆತ್ತಿಗೇ ಹೋಗಿದ್ದವು. ಅವುಗಳಲ್ಲಿ ಮೂಲ ಗಾಯಕರಿರಲಿಲ್ಲ. ಹೆಸರಿಲ್ಲದ ಸ್ಟುಡಿಯೊ ಹಾಡುಗಾರರು ಹಿಟ್ ಹಾಡುಗಳನ್ನು ಅನುಕರಿಸಿ ಹಾಡಿದ್ದರು. ಮರುವರ್ಷ ಅಂಥವನ್ನು ಪಟ್ಟಿಯಿಂದ ಹೊರಗಿಟ್ಟರು. ಆಮೇಲೆ ಕೆನಡಾದ ವಿನಿಪೆಗ್‌ನಿಂದ ಬಂದ ಕೆ-ಟೆಲ್ ಕಂಪನಿ ಮೂಲ ಗಾಯಕರನ್ನೇ ತಂದಿತು. ಆದರೆ ಒಂದೇ ಎಲ್‌ಪಿಗೆ ಇಪ್ಪತ್ತು ಹಾಡು ತುರುಕುವ ಆಸೆಗೆ ಬಿದ್ದು ಹಾಡುಗಳ ಬಾಲ ಕತ್ತರಿಸಿತು. ಬದಿಯೊಂದಕ್ಕೆ ಹಾಡು ಹೆಚ್ಚಿದಷ್ಟೂ ಪ್ಲೇಟಿನ ಗೀರು ಸಣ್ಣದಾಗುತ್ತದೆ, ಸದ್ದು ಸೊರಗುತ್ತದೆ. ‘ನೌ’ ಮಾಡಿದ ಮೊದಲ ಒಳ್ಳೆಯ ಕೆಲಸವೆಂದರೆ ಹಾಡುಗಳನ್ನು ಎರಡು ಪ್ಲೇಟಿಗೆ ಹರಡಿ ಅವುಗಳಿಗೆ ಉಸಿರಾಡಲು ಜಾಗ ಕೊಟ್ಟದ್ದು.

ಇನ್ನು ಮುಖ್ಯ ವಿಷಯಕ್ಕೆ, ಅಂದರೆ ಅನುಕ್ರಮಕ್ಕೆ ಬರಬಹುದು.

ಕಚೇರಿ ಕೇಳಿ ಬೆಳೆದವರಿಗೆ ಅನುಕ್ರಮದ ಮಹತ್ವ ಬಿಡಿಸಿ ಹೇಳಬೇಕಿಲ್ಲ. ಇವತ್ತಿನ ಕರ್ನಾಟಕ ಸಂಗೀತ ಕಚೇರಿಯ ಪದ್ಧತಿಯನ್ನು ರೂಪಿಸಿದವರು ಅರಿಯಕ್ಕುಡಿ ರಾಮಾನುಜ ಅಯ್ಯಂಗಾರ್. ವರ್ಣದಲ್ಲಿ ಗಂಟಲು ತಿಳಿಯಾಗಬೇಕು, ಚುರುಕಾದ ಕೃತಿಗಳಲ್ಲಿ ಸಭೆ ಬಿಸಿಯೇರಬೇಕು, ನಡುವೆ ದೊಡ್ಡ ರಾಗ, ಆಮೇಲೆ ತನಿ, ಕೊನೆಗೆ ದೇವರನಾಮ, ಜಾವಳಿ, ಮಂಗಳ. ಅದೇ ಕೃತಿಗಳನ್ನು ಚೀಟಿ ಎತ್ತಿ ಹಾಡಿದರೆ ಒಂದೊಂದೂ ಚೆನ್ನಾಗಿಯೇ ಇರುತ್ತದೆ, ಕಚೇರಿ ಮಾತ್ರ ಸತ್ತಿರುತ್ತದೆ. ಇಷ್ಟು ಬಲ್ಲ ರಸಿಕರೇ ಪಾಪ್ ಸಂಕಲನ ಎದುರಾದೊಡನೆ ಈ ತಿಳಿವಳಿಕೆಯನ್ನು ಬಾಗಿಲಾಚೆ ಬಿಟ್ಟುಬರುತ್ತಾರೆ.

‘ನೌ’ ಮೊದಲ ಸಂಪುಟದ ನಾಲ್ಕು ಬದಿಗಳ ಕೊನೆಯ ಹಾಡುಗಳನ್ನಷ್ಟೇ ನೋಡಿ. ಒಂದನೆಯ ಬದಿಗೆ ಬಾನಿ ಟೈಲರ್‌ರ ‘ಟೋಟಲ್ ಎಕ್ಲಿಪ್ಸ್ ಆಫ್ ದ ಹಾರ್ಟ್’. ಎರಡನೆಯದಕ್ಕೆ ಪಾಲ್ ಯಂಗ್‌ರ ‘ವೇರೆವರ್ ಐ ಲೇ ಮೈ ಹ್ಯಾಟ್’. ಮೂರನೆಯದಕ್ಕೆ ಪೀಬೊ ಬ್ರೈಸನ್ ಮತ್ತು ರಾಬರ್ಟಾ ಫ್ಲ್ಯಾಕ್‌ರ ‘ಟುನೈಟ್ ಐ ಸೆಲೆಬ್ರೇಟ್ ಮೈ ಲವ್’. ನಾಲ್ಕನೆಯದಕ್ಕೆ ಕಲ್ಚರ್ ಕ್ಲಬ್‌ನ ‘ವಿಕ್ಟಿಮ್ಸ್’. ನಾಲ್ಕೂ ವಿಳಂಬದವು, ನಾಲ್ಕೂ ಎದೆ ಭಾರ ಮಾಡುವಂಥವು. ಇದು ಕಾಕತಾಳೀಯವಲ್ಲ. ಎಲ್‌ಪಿ ನಿಮಿಷಕ್ಕೆ 33⅓ ಸುತ್ತು ತಿರುಗುತ್ತದೆ. ಹೊರ ಅಂಚಿನಲ್ಲಿ ಒಂದು ಸುತ್ತಿಗೆ ಮುಳ್ಳು ಸುಮಾರು 90 ಸೆಂಟಿಮೀಟರ್ ಗೀರನ್ನು ಕ್ರಮಿಸಿದರೆ, ನಡುವಿನ ಚೀಟಿಯ ಹತ್ತಿರ ಅದರ ಅರ್ಧವೂ ಸಿಗುವುದಿಲ್ಲ. ಅಷ್ಟು ಇಕ್ಕಟ್ಟಿನಲ್ಲಿ ಹೆಚ್ಚು ಸ್ಥಾಯಿಯ ನಾದ ಒಡೆಯುತ್ತದೆ. ತಾಳ, ಝಲ್ಲರಿಗಳ ಅಬ್ಬರವಿರುವ ಹಾಡಿಗೆ ಹೊರ ಅಂಚು, ಮೆಲುದನಿಯ ಹಾಡಿಗೆ ಒಳ ಅಂಚು ಎಂಬುದು ಹಾಗಾಗಿ ಪ್ಲೇಟು ಕೊರೆಯುವವರ ಹಳೆಯ ರೂಢಿ. ಸಂಕಲನಕಾರ ಈ ರೂಢಿಯನ್ನೇ ರಸಕ್ಕೆ ಬಳಸಿಕೊಂಡ.

ಒಂದನೆಯ ಬದಿ ತೆರೆಯುವುದು ಫಿಲ್ ಕಾಲಿನ್ಸ್‌ರ ‘ಯೂ ಕಾಂಟ್ ಹರಿ ಲವ್’ನಿಂದ. ಅದು 1966ರಲ್ಲಿ ಸುಪ್ರೀಮ್ಸ್ ತಂಡ ಹಾಡಿದ್ದ ಮೋಟೌನ್ ಹಾಡು; ಕೇಳುಗನ ಕಾಲು ತಾನಾಗಿ ತಾಳ ಹಾಕುತ್ತದೆ. ಅದರ ಬಿಸಿ ಆರುವ ಮೊದಲೇ ಡ್ಯುರಾನ್ ಡ್ಯುರಾನ್ ತಂಡದ ಡ್ರಮ್ಮುಗಳು. ಮೂರನೆಯದಾಗಿ ಬರ್ಮಿಂಗ್‌ಹ್ಯಾಮ್‌ನ ಯುಬಿ40 ತಂಡದ ‘ರೆಡ್ ರೆಡ್ ವೈನ್’ ಬರುವಾಗ ವೇಗ ತಟ್ಟನೆ ಇಳಿದು ರೆಗ್ಗೆಯ ತೂಗು ನಡಿಗೆ ಶುರುವಾಗುತ್ತದೆ. ಐದನೆಯದು ಹೆವನ್ 17ರ ‘ಟೆಂಪ್ಟೇಶನ್’: ಮೆಟ್ಟಿಲು ಹತ್ತಿದಂತೆ ಏರುವ ಹಾಡು. ಅಲ್ಲಿಂದ ಕೆ.ಸಿ. ತಂಡದ ಕುಣಿತ, ಆಮೇಲೆ ಹುಡುಗಿಯರ ಹಗ್ಗದಾಟದ ಮೇಲೆ ಮ್ಯಾಲ್ಕಂ ಮೆಕ್‌ಲಾರನ್ ಕಟ್ಟಿದ ‘ಡಬಲ್ ಡಚ್’. ಹಗ್ಗದಾಟದ ಆ ಗದ್ದಲ ಕರಗುತ್ತದೆ. ಒಂದು ಕ್ಷಣ ಪ್ಲೇಟಿನ ಚರಚರ ಬಿಟ್ಟರೆ ಏನಿಲ್ಲ. ಆಮೇಲೆ ಒಂಟಿ ಪಿಯಾನೊ. ಬಾನಿ ಟೈಲರ್‌ರ ಹಾಡಿನ ಮೊದಲ ಸ್ವರಗಳು. ಆ ಹಾಡನ್ನು ಬೇರೆಯಾಗಿ ಸಾವಿರ ಸಲ ಕೇಳಿದವರಿಗೂ ಈ ಮೌನ ಸಿಕ್ಕಿರುವುದಿಲ್ಲ. ಎರಡು ಹಾಡಿನ ನಡುವಿನ ಆ ಎರಡು ಸೆಕೆಂಡು ಸಂಕಲನಕಾರನ ಸ್ವಂತ ರಚನೆ.

ಈ ಲೇಖಕನಿಗೆ ಇದು ಹೊಳೆದದ್ದು ಬೆಂಗಳೂರಿನ ಜಯನಗರದ ಒಂದು ಮನೆಯ ನಡುಮನೆಯಲ್ಲಿ, 1985ರ ಬೇಸಿಗೆ ರಜೆಯಲ್ಲಿ. ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದ ದೊಡ್ಡಪ್ಪನ ಮಗ ಊರಿಗೆ ಬರುವಾಗ, ಸೂಟ್‌ಕೇಸಿನ ಬಟ್ಟೆಗಳ ನಡುವೆ ಸುತ್ತಿ ಆ ಜೋಡಿ ಎಲ್‌ಪಿಯನ್ನು ತಂದಿದ್ದರು. ಹುಡುಗನಿಗೆ ಬೇಕಿದ್ದದ್ದು ಎರಡನೆಯ ಬದಿಯ ಮೊದಲ ಹಾಡು, ‘ಕರ್ಮಾ ಕಮೀಲಿಯನ್’, ಒಂದೇ. ಅದು ಮುಗಿದೊಡನೆ ಮುಳ್ಳೆತ್ತಿ ಮತ್ತೆ ಅಂಚಿಗೆ ಇಡುವುದು. ಹೀಗೆ ಎರಡು ದಿನ. ಮೂರನೆಯ ದಿನ ಅಣ್ಣ ಪ್ಲೇಯರಿನ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತರು. “ಮುಳ್ಳು ಮುಟ್ಟಬೇಡ ಕಣೋ. ಈ ಬದಿ ಮುಗೀಲಿ, ಆಮೇಲೆ ಮಾತಾಡು.”

ಕರ್ಮಾ ಕಮೀಲಿಯನ್‌ನ ಮೌತ್ ಆರ್ಗನ್ ಮುಗಿಯಿತು. ಸಿಂಥಸೈಜರಿನ ಹಾಡೊಂದು, ಕಜಗೂಗೂ ತಂಡದ ‘ಟೂ ಶೈ’, ಮೈಕ್ ಓಲ್ಡ್‌ಫೀಲ್ಡ್‌ರ ಗಿಟಾರ್ ಜೊತೆ ಮ್ಯಾಗಿ ರೈಲಿಯವರ ತೆಳು ದನಿ. ಐದನೆಯದಾಗಿ ಆಸ್ಟ್ರೇಲಿಯಾದ ಮೆನ್ ಅಟ್ ವರ್ಕ್ ತಂಡದ ‘ಡೌನ್ ಅಂಡರ್’; ಅದರಲ್ಲಿ ಕೊಳಲು. ಆದಿಯಲ್ಲಿ ಮೌತ್ ಆರ್ಗನ್, ಮಧ್ಯದಲ್ಲಿ ಕೊಳಲು. ಯಂತ್ರದ ತಾಳಗಳ ನಡುವೆ ಮನುಷ್ಯನ ಉಸಿರನ್ನು ಯಾರೋ ಲೆಕ್ಕ ಹಾಕಿ ಇಟ್ಟಿದ್ದಾರೆ ಎಂದು ಹುಡುಗನಿಗೆ ಆಗ ಅನ್ನಿಸಿತು. ಎಂಟನೆಯ ಹಾಡು ಶುರುವಾದಾಗ ಪೀನೊ ಪಲಡೀನೊ ಅವರ ಮೆಟ್ಟಿಲಿಲ್ಲದ ಬೇಸ್ ಗಿಟಾರ್ ಸ್ವರದಿಂದ ಸ್ವರಕ್ಕೆ ಜಾರಿತು. ಒಳಕೋಣೆಯಲ್ಲಿ ಅಕ್ಕಿ ಆರಿಸುತ್ತಿದ್ದ, ವೀಣೆ ಕಲಿತಿದ್ದ ದೊಡ್ಡಮ್ಮ ತಲೆಯೆತ್ತಿ, “ಇದ್ಯಾರೋ ಜಾರು ಬಲ್ಲವರು” ಅಂದರು. ಅದೇ ಜಾರನ್ನು ‘ಕರ್ಮಾ ಕಮೀಲಿಯನ್’ ಮುಗಿದೊಡನೆ ಕೇಳಿಸಿದ್ದರೆ ಅವರು ತಲೆ ಎತ್ತುತ್ತಿರಲಿಲ್ಲ. ಏಳು ಹಾಡುಗಳ ಲವಲವಿಕೆ ಮುಗಿದ ಮೇಲೆ ಬಂದದ್ದರಿಂದಲೇ ಅದಕ್ಕೆ ಆ ತೂಕ.

ಮೂರನೆಯ ಬದಿ ನಾಲ್ಕರಲ್ಲಿ ಸಪ್ಪೆ. ಯುಬಿ40, ಕಜಗೂಗೂ ಮತ್ತೊಮ್ಮೆ ಬರುತ್ತಾರೆ. ಎರಡೂ ಆಯ್ಕೆಗಳು ಮೊದಲಿನ ಮಟ್ಟದವಲ್ಲ. ಆದರೂ ನಡುವೆ ಒಂದು ಜೋಡಣೆ ಇಡೀ ಬದಿಯನ್ನು ಉಳಿಸಿದೆ. ಟೀನಾ ಟರ್ನರ್‌ರ ‘ಲೆಟ್ಸ್ ಸ್ಟೇ ಟುಗೆದರ್’ ಆದೊಡನೆ ಹ್ಯೂಮನ್ ಲೀಗ್ ತಂಡದ ‘ಫ್ಯಾಸಿನೇಶನ್’. ಟೀನಾ ಅವರ ಆ ಹಾಡಿನ ನಿರ್ಮಾಪಕರಲ್ಲೊಬ್ಬರು ಮಾರ್ಟಿನ್ ವೇರ್. ಹ್ಯೂಮನ್ ಲೀಗ್ ಕಟ್ಟಿದವರಲ್ಲಿ ಅವರೂ ಒಬ್ಬರು. 1980ರಲ್ಲಿ ಆ ತಂಡ ಬಿಟ್ಟು ಕಟ್ಟಿದ್ದು ಹೆವನ್ 17, ಅಂದರೆ ಒಂದನೆಯ ಬದಿಯ ‘ಟೆಂಪ್ಟೇಶನ್’ ತಂಡ. ಬಿಟ್ಟ ಮನೆ, ಕಟ್ಟಿದ ಮನೆ, ಇನ್ನೊಬ್ಬರಿಗೆ ಕಟ್ಟಿಕೊಟ್ಟ ಮನೆ, ಮೂರೂ ಒಂದೇ ಸಂಕಲನದಲ್ಲಿವೆ. ಒಂದು ವರ್ಷದ ಪಾಪ್ ಸಂಗೀತ ಒಳಗೊಳಗೆ ಹೇಗೆ ನಂಟರ ಊರು ಎಂಬುದು ಒಬ್ಬನೇ ಗಾಯಕನ ಆಲ್ಬಮ್ಮಿನಲ್ಲಿ ಎಂದಿಗೂ ಕಾಣುವುದಿಲ್ಲ. ಪಂಡಿತರು ಕಳೆದುಕೊಂಡಿರುವುದು ಇದನ್ನು.

ನಾಲ್ಕನೆಯ ಬದಿಯಲ್ಲಿ ಟ್ರೇಸಿ ಉಲ್ಮನ್, ಜೆನೆಸಿಸ್, ದ ಕ್ಯೂರ್, ಸಿಂಪಲ್ ಮೈಂಡ್ಸ್, ಮ್ಯಾಡ್‌ನೆಸ್. ಜೆನೆಸಿಸ್‌ನಲ್ಲಿ ಹಾಡುವವರು ಮತ್ತೆ ಫಿಲ್ ಕಾಲಿನ್ಸ್. ಬಾಗಿಲು ತೆಗೆದ ದನಿಯೇ ಮನೆ ಬಿಡುವ ಮುಂಚೆ ಇನ್ನೊಮ್ಮೆ ಕೇಳುತ್ತದೆ. ಕೊನೆಯ ‘ವಿಕ್ಟಿಮ್ಸ್’ ಬಗ್ಗೆ ಒಂದು ಸಂಗತಿ ತಿಳಿದಿರಬೇಕು. ಸಂಕಲನ ಅಂಗಡಿಗೆ ಬಂದ ದಿನ ಅದು ಇನ್ನೂ ಹಾಡುಪಟ್ಟಿಗೆ ಕಾಲಿಟ್ಟಿರಲಿಲ್ಲ. ಹಿಟ್ ಹಾಡುಗಳ ಸಂಕಲನದ ಮಂಗಳವೇ ಇನ್ನೂ ಹಿಟ್ ಆಗದ ಹಾಡು! ಆಮೇಲೆ ಅದು ಮೂರನೆಯ ಸ್ಥಾನದವರೆಗೆ ಹೋಯಿತು. ಆರಿಸಿದವರ ಕಿವಿಯ ಮೇಲೆ ನಂಬಿಕೆ ಹುಟ್ಟಲು ಇದೊಂದು ಸಾಕು.

ಏನಿಲ್ಲ ಎಂಬುದನ್ನೂ ಕೇಳಿಸಿಕೊಳ್ಳಬೇಕು. ಅದೇ ವರ್ಷ ಬ್ರಿಟನ್ನಿನಲ್ಲಿ ಒಂದನೆಯ ಸ್ಥಾನಕ್ಕೇರಿದ್ದ ಮೈಕಲ್ ಜಾಕ್ಸನ್‌ರ ‘ಬಿಲೀ ಜೀನ್’, ಪೊಲೀಸ್ ತಂಡದ ‘ಎವ್ರಿ ಬ್ರೆತ್ ಯೂ ಟೇಕ್’, ಸ್ಪಾಂಡೌ ಬ್ಯಾಲೆಯ ‘ಟ್ರೂ’, ಬಿಲ್ಲಿ ಜೋಲ್‌ರ ‘ಅಪ್‌ಟೌನ್ ಗರ್ಲ್’ ಈ ನಾಲ್ಕು ಬದಿಗಳಲ್ಲಿ ಎಲ್ಲೂ ಇಲ್ಲ. ಬೇರೆ ಕಂಪನಿಯ ಹಾಡಿಗೆ ಅನುಮತಿ ಬೇಕು. ಸಿಕ್ಕಿದ್ದನ್ನು ಇಟ್ಟುಕೊಂಡು ಎಲೆ ತುಂಬಬೇಕು. ಎದುರಾಳಿಗಳೂ ಸುಮ್ಮನಿರಲಿಲ್ಲ. 1984ರ ಕೊನೆಯಲ್ಲಿ ಬೇರೆ ಕಂಪನಿಗಳು ಕೂಡಿ ‘ದ ಹಿಟ್ಸ್ ಆಲ್ಬಮ್’ ತಂದಾಗ ‘ನೌ’ ನಾಲ್ಕನೆಯ ಸಂಪುಟ ಎರಡನೆಯ ಸ್ಥಾನಕ್ಕೇ ನಿಲ್ಲಬೇಕಾಯಿತು.

ಮುಂದಿನ ಕಥೆ ಮಾರಾಟದ್ದು. 1989ರ ಜನವರಿಯಲ್ಲಿ ಬ್ರಿಟನ್ನಿನವರು ಸಂಕಲನಗಳಿಗೆ ಬೇರೆಯೇ ಪಟ್ಟಿ ಮಾಡಿ, ಮುಖ್ಯ ಆಲ್ಬಮ್ ಪಟ್ಟಿಯಿಂದ ಹೊರಗೆ ಕೂರಿಸಿದರು. ಗೆಲ್ಲುವವನನ್ನು ಬೇರೆ ಪಂಕ್ತಿಯಲ್ಲಿ ಉಣ್ಣಲು ಕೂರಿಸಿದ ಹಾಗೆ, ಅದು ಅನ್ಯಾಯವೇ. 1999ರ 44ನೆಯ ಸಂಪುಟ ಬ್ರಿಟನ್ನಿನಲ್ಲಿ 23 ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾಯಿತು. ಬಹುತೇಕ ಸಂಪುಟಗಳನ್ನು ಆರಿಸಿ ಜೋಡಿಸಿದ ಆಶ್ಲಿ ಏಬ್ರಮ್ 2012ರಲ್ಲಿ, 81ನೆಯ ಸಂಪುಟದ ನಂತರ ಆ ಕೆಲಸ ಬಿಟ್ಟರು. ನೂರನೆಯದು 2018ರ ಜುಲೈನಲ್ಲಿ ಬಂತು. ಸಿಡಿ ಬಂದ ಮೇಲೆ ಬದಿ ಎಂಬುದೇ ಹೋಯಿತು. ಕಲಸುಮೇಲೋಗರದ ಗುಂಡಿ ಬಂದ ಮೇಲೆ ಅನುಕ್ರಮವೂ ಹೋಯಿತು. ಈಗ ಫೋನಿನಲ್ಲಿ ‘ಎಂಬತ್ತರ ದಶಕದ ಹಿಟ್ಸ್’ ಎಂದು ಒತ್ತಿ ಕಿವಿಗೆ ಬಿದ್ದದ್ದನ್ನು ಒಪ್ಪಿಕೊಳ್ಳುವ ಜನ ತಮ್ಮನ್ನು ಹಳೆಯ ಹಾಡುಗಳ ರಸಿಕರೆಂದು ಕರೆದುಕೊಳ್ಳುತ್ತಾರೆ. ಬಿನಾಕಾ ಗೀತ್‌ಮಾಲಾಕ್ಕಾಗಿ ವಾರವಿಡೀ ಕಾದು, ಅಮೀನ್ ಸಯಾನಿ ಒಂದೊಂದೇ ಮೆಟ್ಟಿಲು ಹತ್ತಿಸುವಾಗ ರೇಡಿಯೊಕ್ಕೆ ಕಿವಿ ಹಚ್ಚಿದ್ದ ನಾಡು ಇದು. ಕಾಯುವ ಸುಖವನ್ನು ಇಷ್ಟು ಬೇಗ ಮರೆಯಬಾರದಿತ್ತು.

ಬಸವನಗುಡಿಯ ಸ್ನೇಹಿತರೊಬ್ಬರ ಮನೆಯಲ್ಲಿ ಕೆಲವು ವರ್ಷಗಳ ಹಿಂದೆ ಈ ನಾಲ್ಕು ಬದಿಗಳನ್ನು ಒಂದೇ ಸಂಜೆ ಕೇಳಿಸಲಾಯಿತು. ಬಂದವರು ಒಂಬತ್ತು ಜನ, ಹೆಚ್ಚಿನವರು ಇಪ್ಪತ್ತರ ಆಸುಪಾಸಿನವರು. ಮೊದಲ ಬದಿಯಲ್ಲಿ ಮಾತು, ನಗು, ಫೋನು. ‘ಡಬಲ್ ಡಚ್’ ಕರಗಿ ಪಿಯಾನೊ ಶುರುವಾಗುವ ಆ ಎರಡು ಸೆಕೆಂಡಿನಲ್ಲಿ ಮಾತು ತಾನಾಗಿ ನಿಂತಿತು. ಪ್ಲೇಟು ಮಗುಚುವಾಗ ಒಬ್ಬ ಹುಡುಗಿ, ಮುಂದಿನದು ಯಾವ ಹಾಡೆಂದು ಹೇಳಬೇಡಿ ಎಂದು ಕೇಳಿಕೊಂಡಳು.

ಹೊಸಬರು ಎರಡನೆಯ ಬದಿಯಿಂದ ಶುರುಮಾಡಲಿ. ಎಂಟು ಹಾಡು, ಸುಮಾರು ಅರ್ಧ ಗಂಟೆ. ಮೊದಲ ಸಂಪುಟ ಸಿಡಿಯಲ್ಲೂ ಮರುಮುದ್ರಣಗೊಂಡಿದೆ. ಅದರ ಮೊದಲ ತಟ್ಟೆಯಲ್ಲಿ ಒಂಬತ್ತನೆಯ ಹಾಡಿನಿಂದ ಹಚ್ಚಿ ಹದಿನಾರನೆಯದಕ್ಕೆ ನಿಲ್ಲಿಸಿದರಾಯಿತು. ನಡುವೆ ಎದ್ದು ಹೋಗಬೇಡಿ, ಇಷ್ಟವಾಗದ ಹಾಡನ್ನು ದಾಟಿಸಬೇಡಿ. ಪಾಲ್ ಯಂಗ್‌ರ ಹಾಡು ಮುಗಿದ ಮೇಲೆ, ಆ ಸಂಜೆಗೆ ಬೇರೇನೂ ಹಾಕಬೇಡಿ.