ಮಂಡಿ ಪಟ್ಟಿಯಿಂದ ಶುರುವಾಗಬೇಕಾದ ಬಿ.ಕಾಂ.

ಯುಜಿಸಿ 2019ರಲ್ಲಿ ಹೊರತಂದ ‘ದೀಕ್ಷಾರಂಭ’ ಮಾರ್ಗಸೂಚಿಗೆ ಅದರ ಯೋಗ್ಯತೆಗಿಂತ ಹೆಚ್ಚಿನ ಹೊಗಳಿಕೆ ಸಿಕ್ಕಿದೆ. ಪದವಿಗೆ ಹೊಸದಾಗಿ ಸೇರಿದವರನ್ನು ಸ್ವಾಗತಿಸುವುದು, ಕಾಲೇಜು ಪರಿಚಯಿಸುವುದು, ರ‍್ಯಾಗಿಂಗ್ ಬಗ್ಗೆ ಎಚ್ಚರಿಸುವುದು ಎಲ್ಲವೂ ಬೇಕು, ತಕರಾರಿಲ್ಲ. ಆದರೆ ವಿದ್ಯಾರ್ಥಿಗೆ ಆಸರೆಯೆಂದರೆ ಇಷ್ಟೇ ಎಂದುಕೊಂಡು ಪಾಠವನ್ನು ಅದರಿಂದ ಹೊರಗಿಟ್ಟದ್ದು ದೊಡ್ಡ ತಪ್ಪು. ಮೆಂಟರ್ ವ್ಯವಸ್ಥೆಯದೂ ಅದೇ ಕತೆ. ಮಲೆನಾಡಿನ ನಾರ್ವೆ ಕಡೆಯಿಂದ ಕೊಪ್ಪಕ್ಕೋ ಶೃಂಗೇರಿಗೋ ಓಡಾಡಿ ಓದುವ ಹುಡುಗಿ ಬಸ್ಸನ್ನು ನಂಬಿಕೊಂಡವಳು. ಕೊಪ್ಪದ ಸಹಕಾರ ಸಾರಿಗೆಯ ಬಸ್ಸುಗಳೂ 2020ರಲ್ಲಿ ನಿಂತವು. ತರಗತಿ ಬಿಟ್ಟ ಮೇಲೆ ಮೆಂಟರ್ ಭೇಟಿಗೆಂದು ಕೂತರೆ ಬಸ್ಸು ತಪ್ಪುತ್ತದೆ. ಅವಳಿಗೆ ಸಿಗಬೇಕಾದದ್ದು ಪಾಠದ ಹೊತ್ತಿನಲ್ಲೇ ಸಿಗಬೇಕು.

ಬಿ.ಕಾಂ. ಮೊದಲ ವರ್ಷದಲ್ಲಿ ಎಡವಿಸುವ ಒಂದು ಪಾಠ ನೋಡೋಣ: ಕನ್ಸೈನ್‌ಮೆಂಟ್ ಖಾತೆ. ಪುಸ್ತಕದ ಲೆಕ್ಕದಲ್ಲಿ ಮುಂಬೈ ಕಂಪನಿ ದೆಹಲಿಯ ಏಜೆಂಟನಿಗೆ ರೇಡಿಯೊ ಕಳಿಸುತ್ತದೆ. ಏಜೆಂಟ್ ಮುಂಗಡ ಕೊಡುತ್ತಾನೆ, ಮಾರಿ ಲೆಕ್ಕ ಒಪ್ಪಿಸುತ್ತಾನೆ. ಮಕ್ಕಳು ನಮೂನೆಯನ್ನು ಬಾಯಿಪಾಠ ಮಾಡುತ್ತಾರೆ. ಅದೇ ಮಕ್ಕಳ ಮನೆಯಲ್ಲಿ ಅಡಿಕೆ ಮಂಡಿಯ ಪಟ್ಟಿ ಇರುತ್ತದೆ. ಮಂಡಿಗೆ ಹಾಕಿದ ಅಡಿಕೆ ಮಾರಾಟವಾಗುವ ತನಕ ಬೆಳೆಗಾರನದೇ. ಮದುವೆಗೋ ಆಸ್ಪತ್ರೆಗೋ ಅದರ ಮೇಲೆ ಮುಂಗಡ ತರುತ್ತಾರೆ. ಮಾರಾಟವಾದ ಮೇಲೆ ಬರುವ ಪಟ್ಟಿಯಲ್ಲಿ ರಾಶಿ ಇಡಿ, ಬೆಟ್ಟೆ, ಗೊರಬಲು ಎಂದು ಬಗೆವಾರು ತೂಕ, ದರ, ಕಳೆಯಬೇಕಾದ ಬಾಬ್ತು, ಮುಂಗಡ, ಬಡ್ಡಿ, ಕೊನೆಗೆ ನಿವ್ವಳ. ಏಜೆಂಟ್ ಒಪ್ಪಿಸುವ ಲೆಕ್ಕವೆಂದರೆ ಇದೇ.

ಈ ಪಾಠದಲ್ಲಿ ಹೆಚ್ಚಿನವರು ತಪ್ಪುವುದು ಮಾರಾಟವಾಗದೆ ಉಳಿದ ಸರಕಿನ ಬೆಲೆ ಕಟ್ಟುವಲ್ಲಿ. ಸರಕು ಏಜೆಂಟನ ಗೋದಾಮು ಸೇರುವವರೆಗಿನ ಸಾಗಣೆ ಖರ್ಚನ್ನು ಅದರ ಬೆಲೆಗೆ ಸೇರಿಸಬೇಕು, ಆಮೇಲಿನ ಗೋದಾಮು ಬಾಡಿಗೆಯನ್ನು ಸೇರಿಸಬಾರದು. ಪುಸ್ತಕ ನಿಯಮ ಹೇಳಿ ಮುಂದೆ ಹೋಗುತ್ತದೆ. ಅದರ ಬದಲು, ಮಂಡಿಗೆ ಹಾಕಿದ ಹತ್ತು ಮೂಟೆಯಲ್ಲಿ ನಾಲ್ಕು ಉಳಿದರೆ ಅವಕ್ಕೆ ಪಿಕಪ್ ಬಾಡಿಗೆಯಲ್ಲಿ ಎಷ್ಟು ಪಾಲು ಎಂದು ಕೇಳಿ. ಅಡಿಕೆ ಮಂಡಿಗೆ ತಲುಪಿದ್ದೇ ಆ ಬಾಡಿಗೆಯಿಂದ. ಒಳ್ಳೆಯ ದರಕ್ಕೆ ಕಾದು ತೆತ್ತ ಗೋದಾಮು ಬಾಡಿಗೆ ಬರೀ ಕಾದದ್ದಕ್ಕೆ. ನಿಯಮದ ಹಿಂದಿನ ಕಾರಣ ಅಲ್ಲೇ ಬಿಡಿಸಿಕೊಳ್ಳುತ್ತದೆ. ಕಮಿಷನ್ ಯಾರ ತಲೆಗೆ ಎಂಬ ವಾದವನ್ನಂತೂ ಈ ಮಕ್ಕಳು ಜಗಲಿಯಲ್ಲಿ ಕೇಳಿಯೇ ಬೆಳೆದಿರುತ್ತಾರೆ.

ಊರಿನ ಉದಾಹರಣೆ ಮಕ್ಕಳನ್ನು ಊರಿಗೇ ಕಟ್ಟಿಹಾಕುತ್ತದೆ, ಕೆಲಸ ಬೆಂಗಳೂರಿನಲ್ಲಿ, ಅದಕ್ಕೆ ಬೇಕಾದದ್ದು ಇಂಗ್ಲಿಷ್ ಎನ್ನುವ ವಿಮರ್ಶಕರಿದ್ದಾರೆ. ನಾನು ಒಪ್ಪುವುದಿಲ್ಲ. ಪಟ್ಟಿ ಓದಿ ತಿಳಿದವಳಿಗೆ ರೇಡಿಯೊ ಲೆಕ್ಕ ಕಷ್ಟವಲ್ಲ. ರೇಡಿಯೊ ಲೆಕ್ಕ ಉರುಹೊಡೆದವಳಿಗೆ ಮನೆಯ ಪಟ್ಟಿಯೂ ಅರ್ಥವಾಗದೆ ಉಳಿಯಬಹುದು. ಎಲ್ಲವನ್ನೂ ಕನ್ನಡದಲ್ಲಿ ಹೇಳಿಬಿಟ್ಟರೆ ಸಾಕೆನ್ನುವ ನನ್ನ ಗೆಳೆಯರ ಮೇಲೂ ನನಗೆ ಸಿಟ್ಟಿದೆ. ಮುಂಬೈ ರೇಡಿಯೊ ಕನ್ನಡದಲ್ಲಿ ಹೇಳಿದರೂ ಮುಂಬೈ ರೇಡಿಯೊವೇ. ಮೂವತ್ತು ವರ್ಷಗಳಿಂದ ಮಾಧ್ಯಮದ ಜಗಳದಲ್ಲೇ ಮುಳುಗಿ, ಮೊದಲ ತಿಂಗಳು ಯಾವ ಲೆಕ್ಕ ಕೊಡಬೇಕು ಎಂಬುದನ್ನು ಎರಡೂ ಬಣದವರು ಕೇಳಲಿಲ್ಲ. ಪಠ್ಯಕ್ರಮ 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ಬದಲಾಯಿತು, 2024ರಲ್ಲಿ ರಾಜ್ಯ ಮತ್ತೆ ಮೂರು ವರ್ಷದ ಪದವಿಗೆ ಮರಳಿದಾಗ ಇನ್ನೊಮ್ಮೆ ಬದಲಾಯಿತು. ಎರಡೂ ಸಲ ದೊಡ್ಡ ಚರ್ಚೆ ನಡೆದದ್ದು ಪದವಿ ಎಷ್ಟು ವರ್ಷದ್ದು ಎಂಬುದರ ಸುತ್ತ.

ಪಟ್ಟಿ ಹಿಡಿದು ಪಾಠ ಮಾಡಬಲ್ಲವರು ಮಲೆನಾಡಿನ ಕಾಲೇಜುಗಳಲ್ಲಿ ಇದ್ದಾರೆ, ಅವರಲ್ಲಿ ಬಹಳ ಮಂದಿ ಅತಿಥಿ ಉಪನ್ಯಾಸಕರು. ಸೇವೆ ಕಾಯಂ ಮಾಡಿ ಎಂದು ಅವರು 2023ರ ಕೊನೆಗೆ ಮುಷ್ಕರ ಹೂಡಿದಾಗ ಸರ್ಕಾರಿ ಪದವಿ ಕಾಲೇಜುಗಳಲ್ಲಿ ತರಗತಿಗಳು ನಿಂತವು. ಆದರೂ ಮೊದಲ ವರ್ಷದವರ ಆಸರೆಯ ಮಾತು ಬಂದಾಗ ಇವರ ಹೆಸರು ಬರುವುದಿಲ್ಲ. ದೀಕ್ಷಾರಂಭದ ದಿನಕ್ಕೆ ಇವರ ನೇಮಕ ಮುಗಿದಿರಬೇಕು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದ ಪಠ್ಯ ಮಂಡಳಿ ಕನ್ಸೈನ್‌ಮೆಂಟ್ ಅಧ್ಯಾಯದ ಮೊದಲ ಲೆಕ್ಕವಾಗಿ ಒಂದು ಅಡಿಕೆ ಪಟ್ಟಿಯನ್ನು ಅಚ್ಚುಹಾಕಿಸಬೇಕು.