ಗಾಳಗಾರನ ಲೆಕ್ಕದ ಪುಸ್ತಕ

ವಿನೋದಕ್ಕಾಗಿ ಗಾಳ ಹಾಕುವುದನ್ನು ಹಿಂಸೆಯೆಂದು ಒಂದೇ ಮಾತಿನಲ್ಲಿ ತಳ್ಳಿಬಿಡುವ ಸಜ್ಜನರೂ, ಅದನ್ನೊಂದು ಧ್ಯಾನವೆಂಬಂತೆ ಕೊಂಡಾಡುವ ರಸಿಕರೂ ನಮ್ಮ ಕಾವೇರಿ ಸೀಮೆಯಲ್ಲಿ ಬಹುಕಾಲದಿಂದ ಇದ್ದಾರೆ. ಆದರೆ ಮಡುವಿನೊಳಗಿರುವುದು ಯಾವ ಮೀನು, ಅದು ಈ ಹೊಳೆಯದೋ ಹೊರಗಿನದೋ ಎಂಬ ಪ್ರಶ್ನೆಯನ್ನು ಈ ಉಭಯ ಪಕ್ಷದವರೂ ಕೇಳಿದ್ದು ವಿರಳ. ಈ ಹವ್ಯಾಸದ ಗುಣದೋಷಗಳು ನಿಷ್ಕರ್ಷೆಯಾಗಬೇಕಾದದ್ದು ಆ ಪ್ರಶ್ನೆಯಿಂದಲೇ ಎಂಬುದು ನನ್ನ ಅಭಿಪ್ರಾಯ.

ಚುಂಚನಕಟ್ಟೆಯ ಧನುಷ್ಕೋಟಿಯಲ್ಲಿ ನೀರಿನ ಭೋರ್ಗರೆತ ಅಡಗಿ, ಹುಣಸೂರಿನ ಲಕ್ಷ್ಮಣತೀರ್ಥ ಬಂಡೆಗಳ ನಡುವೆ ಸಣ್ಣ ಕಾಲುವೆಯಂತಾಗುವ ಬೇಸಿಗೆಯಲ್ಲಿ, ಇಂಗ್ಲಿಷರು ಮಹಶೀರ್ ಎಂದೂ ನಮ್ಮವರು ಬಿಳಿಮೀನೆಂದೂ ಕರೆಯುವ ಮತ್ಸ್ಯವು ಆಳದ ಮಡುಗಳನ್ನು ಸೇರುತ್ತದೆ. ಗಾಳಗಾರನ ಋತು ಅದು. ಹೊಳೆದಂಡೆಯ ಮುದುಕರೊಬ್ಬರು ರಾಗಿಹಿಟ್ಟನ್ನು ಗಟ್ಟಿಯಾಗಿ ನಾದಿ, ನಿಂಬೆಹಣ್ಣಿನ ಗಾತ್ರದ ಉಂಡೆಗಳಾಗಿ ಬೇಯಿಸಿ, ನೀರಿನಲ್ಲಿ ಕರಗದಂತೆ ಮತ್ತೆ ಮತ್ತೆ ಅಂಗೈಯಲ್ಲಿ ಹೊಸೆದು, ಕೊಕ್ಕೆ ಮುಚ್ಚಿಹೋಗುವಂತೆ ಮೆತ್ತುತ್ತಿದ್ದುದನ್ನು ನಾನು ಕಂಡಿದ್ದೇನೆ. ಅಷ್ಟು ಗಟ್ಟಿಯ ಉಂಡೆಯನ್ನು ಮೀನು ಹೇಗೆ ತಿಂದೀತೆಂದು ಕೇಳಿದ್ದಕ್ಕೆ, “ಇದರ ಹಲ್ಲು ಬಾಯಲ್ಲಿಲ್ಲ ಸ್ವಾಮಿ, ಗಂಟ್ಲೊಳಗವೆ, ಏಡಿಯನ್ನೇ ನುರೀತದೆ, ರಾಗಿ ಯಾವ ಲೆಕ್ಕ” ಎಂದರು. ಪ್ರಾಣಿಶಾಸ್ತ್ರದ ಗ್ರಂಥಗಳು ಹೇಳುವುದೂ ಇದನ್ನೇ.

ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್ 1873ರಲ್ಲಿ ಪ್ರಕಟಿಸಿದ ‘ದಿ ರಾಡ್ ಇನ್ ಇಂಡಿಯಾ’ ಗ್ರಂಥದಲ್ಲಿ, ತನ್ನ ನಾಡಿನ ಸಾಲ್ಮನ್ ಮೀನಿಗಿಂತಲೂ ಬಿಳಿಮೀನಿನ ಸೆಣಸಾಟವೇ ಮಿಗಿಲೆಂದು ತೀರ್ಮಾನಿಸಿದನು. ಮೃಗಚರ್ಮಗಳನ್ನು ಹದಗೊಳಿಸಿ ತುಂಬುವ ಕಲೆಗೆ ಹೆಸರಾದ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಅವರು 1946ರ ಮಾರ್ಚ್ 22ರಂದು ಕಬಿನಿಯಲ್ಲಿ ಹಿಡಿದ ಬಿಳಿಮೀನು 120 ಪೌಂಡ್, ಎಂದರೆ ಸುಮಾರು 54 ಕಿಲೋ, ತೂಗಿತು. ಹೆಗ್ಗಡದೇವನಕೋಟೆಯ ಬಳಿ ಅದೇ ಹೊಳೆಗೆ 1974ರಲ್ಲಿ ಅಣೆಕಟ್ಟು ಮುಗಿಯಿತು. ಮಳೆಗಾಲದಲ್ಲಿ ಮೊಟ್ಟೆಯಿಡಲು ಮೇಲಕ್ಕೇರುವ ಮೀನಿಗೆ ಗೋಡೆಯೊಂದು ಅಡ್ಡವಾಯಿತೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಮರಿಗಳ ಪ್ರಸಂಗ. ಬಿಳಿಮೀನು ಕ್ಷೀಣಿಸುತ್ತಿದೆಯೆಂಬ ಸದುದ್ದೇಶದ ಆತಂಕದಿಂದಲೇ 1970ರ ದಶಕದಿಂದೀಚೆಗೆ ಲೋನಾವಳದ ಟಾಟಾ ಸಂಸ್ಥೆಯ ಮರಿ ಉತ್ಪಾದನಾ ಕೇಂದ್ರದಲ್ಲಿ ಮಹಶೀರ್ ಮರಿಗಳನ್ನು ಬೆಳೆಸಿ ದೇಶದ ನಾನಾ ನದಿಗಳಿಗೆ ಹಂಚಲಾಯಿತು; ಕಾವೇರಿಗೂ ಅವು ಬಂದವು. ಆದರೆ ಅವು ಕೃಷ್ಣಾ ಕಣಿವೆಯ ನೀಲಿ ರೆಕ್ಕೆಯ ಜಾತಿ. ಕಾವೇರಿಯದು ಬೆನ್ನಿನ ಮೇಲೆ ಗೂನುಳ್ಳ, ಕಿತ್ತಳೆ ಛಾಯೆಯ ರೆಕ್ಕೆಯ ಬೇರೊಂದು ಜಾತಿ. ‘ಬಿಳಿಮೀನು’ ಎಂಬ ಒಂದೇ ಹೆಸರಿನ ಮರೆಯಲ್ಲಿ ಈ ಭೇದ ಮುಚ್ಚಿಹೋಯಿತು. ಜಗತ್ತಿಗೆಲ್ಲ ಪ್ರಖ್ಯಾತವಾದ ನಮ್ಮ ಗೂನುಬೆನ್ನಿನ ಮೀನಿಗೆ ‘ಟಾರ್ ರೆಮಾದೇವಿ’ ಎಂಬ ಶಾಸ್ತ್ರೀಯ ನಾಮಧೇಯ ನಿಶ್ಚಿತವಾದದ್ದು 2018ರಲ್ಲಿ. ಅಷ್ಟರೊಳಗೆ ಅದು ಅತ್ಯಂತ ಅಪಾಯಕ್ಕೊಳಗಾದ ಜೀವಿಗಳ ಪಟ್ಟಿಗೆ ಸೇರುವ ಸ್ಥಿತಿಗೆ ಬಂದಿತ್ತು. ನಾಮಕರಣವೂ ಮರಣಶಾಸನವೂ ಒಂದೇ ಕಾಲಕ್ಕೆ ಆದಂತಾಯಿತು.

ಈ ಅವನತಿಯನ್ನು ಕಂಡುಹಿಡಿಯಲು ನೆರವಾದದ್ದು, ವಿಚಿತ್ರವೆಂಬಂತೆ, ಗಾಳಗಾರರ ಲೆಕ್ಕದ ಪುಸ್ತಕ. ಕೆಳಗಿನ ಕಾವೇರಿಯ ಗಾಳಿಬೋರೆಯ ಬಿಡಾರದಲ್ಲಿ, ಹಿಡಿದ ಮೀನನ್ನು ತೂಗಿ, ಬರೆದಿಟ್ಟು, ಮತ್ತೆ ನೀರಿಗೇ ಬಿಡುವ ನಿಯಮವಿತ್ತು. 1998ರಿಂದ 2012ರವರೆಗೆ ಹೀಗೆ ಬರೆದಿಟ್ಟ 6,161 ಮೀನುಗಳ ದಾಖಲೆಯನ್ನು ವಿಜ್ಞಾನಿಗಳು ಬಿಡಿಸಿ ನೋಡಿದಾಗ, ಮೀನುಗಳ ಸಂಖ್ಯೆ ಏರುತ್ತ ಹೋದುದೂ ಗೂನುಬೆನ್ನಿನವು ಮಾತ್ರ ಕಾಣೆಯಾಗುತ್ತ ಬಂದುದೂ ಸ್ಪಷ್ಟವಾಯಿತು. ಹೊಳೆ ತುಂಬಿತ್ತು, ಆದರೆ ಪರರ ಸಂತಾನದಿಂದ ತುಂಬಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನ್ವಯ ಅಭಯಾರಣ್ಯದೊಳಗೆ ಗಾಳ ನಿಂತ ಮೇಲೆ ಪುಸ್ತಕವೂ ನಿಂತಿತು. ಹಿಂದೆ ಕದ್ದು ಹಿಡಿಯುತ್ತಿದ್ದವರೇ ಬಿಡಾರಗಳಲ್ಲಿ ಕೆಲಸ ಪಡೆದು ತೋಟಾ ಸಿಡಿಸುವವರನ್ನು ತಡೆಯುತ್ತಿದ್ದರು. ಆ ಕಣ್ಗಾವಲು ಕೂಡ ಇಲ್ಲವಾಯಿತು. ಕೊಕ್ಕೆ ಚುಚ್ಚಿದ ಮೀನಿಗೆ ನೋವಿಲ್ಲವೆಂದು ನಾನು ವಾದಿಸಲಾರೆ. ತೋಟಾ ಸಿಡಿದ ಮಡುವಿನಲ್ಲಿ ಮರಿಯೂ ಉಳಿಯುವುದಿಲ್ಲವೆಂಬುದನ್ನು ಮಾತ್ರ ಬಲ್ಲೆ.

ಪಿರಿಯಾಪಟ್ಟಣದ ಗಡಿಗೆ ಸಮೀಪದ ರಾಮನಾಥಪುರದ ವಹ್ನಿಪುಷ್ಕರಿಣಿಯಲ್ಲಿ, ಭಕ್ತರೆಸೆದ ಕಡ್ಲೆಪುರಿಗೆ ಮುಗಿಬೀಳುವ ದೇವರ ಮೀನುಗಳನ್ನು ಯಾರೂ ಮುಟ್ಟುವುದಿಲ್ಲ. ಅಲ್ಲಿ ಭಕ್ತಿ ಮಾಡಿದ ಕೆಲಸವನ್ನು ಅನ್ಯತ್ರ ವಿವೇಕ ಮಾಡಬೇಕಾಗಿತ್ತು. ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ, ಕೇಂದ್ರಗಳಲ್ಲಿ ಬೆಳೆಸಿದ ಸಾಲ್ಮನ್ ಮರಿಗಳ ಬೆನ್ನಿನ ಹಿಂಬದಿಯ ಪುಟ್ಟ ಕೊಬ್ಬಿನ ರೆಕ್ಕೆಯನ್ನು ಕತ್ತರಿಸಿ ಬಿಡುತ್ತಾರೆ. ಬೇಸಿಗೆಯಲ್ಲಿ ದೋಣಿಯೇರಿದ ಗಾಳಗಾರನು ರೆಕ್ಕೆ ಕತ್ತರಿಸಿದ್ದನ್ನು ಮನೆಗೊಯ್ದು, ರೆಕ್ಕೆಯುಳ್ಳ ಕಾಡುಮೀನನ್ನು ನೀರಿಗೆ ಮರಳಿಸುವುದು ಅಲ್ಲಿ ಅನೇಕ ಕಡೆ ನಿಯಮ. ಬಿಳಿಮೀನಿಗೆ ಆ ರೆಕ್ಕೆಯಿಲ್ಲ, ನಿಜ. ಗುರುತಿಗೆ ಬೇರೊಂದನ್ನು ಆರಿಸಬಹುದು. ಆದರೆ ಗುರುತು ಎರಡನೆಯ ಮಾತು. ಲಕ್ಷ್ಮಣತೀರ್ಥಕ್ಕಾಗಲಿ ಕಬಿನಿಗಾಗಲಿ ಕಾವೇರಿಯದಲ್ಲದ ಒಂದು ಮಹಶೀರ್ ಮರಿಯನ್ನೂ ಇನ್ನು ಬಿಡಕೂಡದು. ಅಭಯಾರಣ್ಯದ ಹೊರಗಿನ ಮಡುಗಳಲ್ಲಿ, ಹಿಡಿದು ಬಿಡುವ ಕರಾರಿನ ಮೇಲೆ, ಗಾಳಗಾರನಿಗೆ ಅನುಮತಿಯನ್ನೂ ಆ ಲೆಕ್ಕದ ಪುಸ್ತಕವನ್ನೂ ಕೊಡಬೇಕು.