ನುಡಿ ಕಳೆದುಕೊಂಡ ಹಾಡು

ವಾದ್ಯವೃಂದದಲ್ಲಿ ಜನಪದ ಧಾಟಿಯೊಂದು ಕೇಳಿಬಂದೊಡನೆ ಹೊಲ, ಹೊಳೆ, ಇಬ್ಬನಿಗಳನ್ನು ನೆನೆದು ಮೈಮರೆಯುವುದು ಪಟ್ಟಣದ ರಸಿಕರ ವಾಡಿಕೆ. ಆ ಧಾಟಿಯಲ್ಲಿ ಹಾಡುತ್ತಿದ್ದವನು ಏನನ್ನು ಹೇಳುತ್ತಿದ್ದನೆಂದು ವಿಚಾರಿಸುವವರು ವಿರಳ. ಆಂಗ್ಲ ಸಂಗೀತಕಾರ ರಾಲ್ಫ್ ವಾನ್ ವಿಲಿಯಮ್ಸ್‌ನ (೧೮೭೨–೧೯೫೮) ಮೊದಲನೆಯ 'ನಾರ್ಫೋಕ್ ರಾಪ್ಸೊಡಿ'ಯನ್ನು ಆಲಿಸುವ ವಾಚಕರು ಈ ವಿಚಾರವನ್ನು ಮಾಡಲೇಬೇಕು.

೧೯೦೫ರ ಜನವರಿಯಲ್ಲಿ ಆತನು ನಾರ್ಫೋಕ್ ಪ್ರಾಂತದ ಕಿಂಗ್ಸ್ ಲಿನ್ ಎಂಬ ಬಂದರು ಪಟ್ಟಣಕ್ಕೆ ಹೋಗಿ ಬೆಸ್ತರ ಬಾಯಿಂದ ಹಾಡುಗಳನ್ನು ಕೇಳಿ ಬರೆದುಕೊಂಡನು. ಕಾರ್ಟರ್ ಎಂಬ ಬೆಸ್ತನು ಹಾಡಿದ 'ದಿ ಕ್ಯಾಪ್ಟನ್ಸ್ ಅಪ್ರೆಂಟಿಸ್' ಅವುಗಳಲ್ಲೊಂದು. ಅದರಲ್ಲಿ ನಿಸರ್ಗವರ್ಣನೆಯ ಸುಳಿವೂ ಇಲ್ಲ. ನಿರ್ಗತಿಕರ ಆಶ್ರಯಗೃಹದಿಂದ ತಂದೆಯಿಲ್ಲದ ಬಾಲಕನೊಬ್ಬನನ್ನು ಕೆಲಸಕ್ಕೆಂದು ಹಡಗಿಗೆ ಕರೆತಂದ ನಾಯಕನು, ಅವನನ್ನು ಹಿಂಸಿಸಿ ಕೊಂದು, ಆ ಪಾತಕವನ್ನು ತಾನೇ ಬಾಯಿಬಿಟ್ಟು ಹೇಳಿಕೊಳ್ಳುವ ಹಾಡು ಅದು.

೧೯೦೬ರ ಆಗಸ್ಟಿನಲ್ಲಿ ಲಂಡನ್ನಿನ ಕ್ವೀನ್ಸ್ ಹಾಲಿನಲ್ಲಿ ಹೆನ್ರಿ ವುಡ್ ಈ ಕೃತಿಯನ್ನು ಪ್ರಥಮವಾಗಿ ನುಡಿಸಿದನು. ಮಂದವಾದ ತಂತೀನಾದದ ಮೇಲೆ ಒಂಟಿ ವಯೋಲಾ ಆ ಧಾಟಿಯನ್ನು ತಾಳದ ಬಿಗಿಯಿಲ್ಲದೆ, ಉಸಿರು ಬಂದಂತೆ ನುಡಿಯುತ್ತದೆ. ಇಲ್ಲಿ ಸಂಗೀತಕಾರನ ವಿವೇಕವನ್ನು ಮೆಚ್ಚಬೇಕು. ಒಬ್ಬನೇ ಹಾಡಿದುದನ್ನು ಒಂದೇ ವಾದ್ಯಕ್ಕೆ ಕೊಟ್ಟಿದ್ದಾನೆ. ಹತ್ತಾರು ಪಿಟೀಲುಗಳಿಗೆ ಹಂಚಿದ್ದರೆ ಆ ಏಕಾಂತ ಉಳಿಯುತ್ತಿರಲಿಲ್ಲ. ಆದರೆ ಮುಂದೆ ಬೇರೆ ಕಡಲ ಹಾಡುಗಳು ರಭಸದಿಂದ ನುಗ್ಗಿ ಬರುತ್ತವೆ. ಹಿತ್ತಾಳೆಯ ವಾದ್ಯಗಳು ಮೊರೆಯುತ್ತವೆ. ಜಾತ್ರೆಯ ಸಡಗರದಲ್ಲಿ ಬಾಲಕನ ಸಾವು ಮರೆತೇಹೋಗುತ್ತದೆ. ಈ ಭಾಗವು ನಮಗೆ ಜೋಡಣೆಯ ಜಾಣ್ಮೆಯಾಗಿ ತೋರಿತೇ ಹೊರತು ಅನುಭವವಾಗಲಿಲ್ಲ. ಕೊನೆಯಲ್ಲಿ ಮೊದಲಿನ ಮಂದಭಾವವು ಮರಳುವುದರಿಂದ ಕೃತಿ ಬದುಕಿತು.

ಮಾತಿಲ್ಲದ ನಾದಕ್ಕೆ ತನ್ನದೇ ಆದ ಅರ್ಥವಿದೆಯೆಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ದುಡಿಯುವವನ ಅಳಲನ್ನು ಬಿಟ್ಟು ಅವನ ಧಾಟಿಯನ್ನಷ್ಟೇ ಸವಿಯುವುದು, ಕಾಯಕವೆಂಬ ಶಬ್ದವನ್ನು ನಿತ್ಯವೂ ಉಚ್ಚರಿಸುವ ನಮಗೆ ಒಪ್ಪುವಂತಹುದಲ್ಲ. ನಮ್ಮ ಬೀಸುವ ಪದಗಳಿಗೂ ಇದೇ ಗತಿಯಾಗುತ್ತಿದೆ. ತಾಯಂದಿರ ಕಣ್ಣೀರನ್ನು ಬದಿಗಿರಿಸಿ ಇಂಪನ್ನು ಮಾತ್ರ ವೇದಿಕೆಗೆ ತರುವವರು ಹೆಚ್ಚಾಗಿದ್ದಾರೆ. ವಾನ್ ವಿಲಿಯಮ್ಸ್ ಅಷ್ಟು ಅಸಡ್ಡೆಯವನಲ್ಲ. ೧೯೦೬ರಲ್ಲಿಯೇ ಜನಪದಗೀತ ಸಂಘದ ಪತ್ರಿಕೆಯಲ್ಲಿ ಹಾಡನ್ನು ಗಾಯಕನ ಹೆಸರಿನೊಡನೆ ಪ್ರಕಟಿಸಿದನು. ಸಭಾಂಗಣದ ಶ್ರೋತೃಗಳಿಗೆ ಮಾತ್ರ ಅದು ತಲುಪಲಿಲ್ಲ. ತಾವು ಆ ಹಾಡಿನ ನುಡಿಗಳನ್ನು ಮೊದಲು ಓದಿಕೊಂಡು, ಬಳಿಕ ವಯೋಲಾದ ಆ ಮೊದಲ ನುಡಿತವನ್ನು ಆಲಿಸಿರಿ.